ತೊಟ್ಟಿಲ ಹಗ್ಗ ಬಿಚ್ಚಿದ ಮೇಲೆ

ನಮ್ಮ ಮನೆಯ ತೊಟ್ಟಿಲಿಗೆ ಒಂದು ಉದ್ದದ ಹಗ್ಗ ಇತ್ತು. ಅದರ ಇನ್ನೊಂದು ತುದಿ ಪಕ್ಕದ ಮಂಚದಲ್ಲಿ ಮಲಗಿದ ನನ್ನ ಗಂಡನ ಕಾಲಿನ ಹೆಬ್ಬೆರಳಿಗೆ. ಮಗಳು ಕುಂಯ್ ಅಂದರೆ ಸಾಕು, ಇವರು ಕಣ್ಣು ಮುಚ್ಚಿಕೊಂಡೇ ಕಾಲು ಆಡಿಸುತ್ತಿದ್ದರು. ಬೆಳಿಗ್ಗೆ ನೋಡಿದರೆ ಬೆರಳಿನ ಸುತ್ತ ಕೆಂಪು ಗೆರೆ. ಇವರು ಕಾಲು ನಿಲ್ಲಿಸಿದ ಮೇಲೆ ಸ್ವಲ್ಪ ಹೊತ್ತಿಗೆ ಮತ್ತೆ ಬೊಬ್ಬೆ. ಹೀಗೆ ಒಂದು ರಾತ್ರಿಗೆ ಏಳೆಂಟು ಸಲ.

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಕೆ ತೋಟದ ನಡುವೆ ನಮ್ಮ ಮನೆ. ನಾನು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಮಗಳು ಹುಟ್ಟಿದ್ದು ಮೇ ತಿಂಗಳಲ್ಲಿ. ಹೆರಿಗೆ ರಜೆ 180 ದಿನ. ಅಂದರೆ ನವೆಂಬರಿನಲ್ಲಿ ಶಾಲೆಗೆ ಹೋಗಲೇಬೇಕು. ಅಕ್ಟೋಬರ್ ಬಂದಾಗ ನನಗೆ ನಿಜವಾಗಿ ಹೆದರಿಕೆ ಶುರುವಾಯಿತು. ರಾತ್ರಿ ಎಂಟು ಸಲ ಎದ್ದವಳು ಹಗಲು ನಲವತ್ತು ಮಕ್ಕಳ ಎದುರು ನಿಲ್ಲುವುದು ಹೇಗೆ?

ಮೊದಲ ತಪ್ಪು ತಾಯಿಮನೆಯ ಬಾಳಂತಿ ಕೋಣೆಯಲ್ಲೇ ಆಗಿತ್ತು ಅಂತ ಈಗ ಅನಿಸುತ್ತದೆ. ಗಾಳಿ ತಾಗಬಾರದು ಅಂತ ಕಿಟಕಿ ಮುಚ್ಚಿ, ಪರದೆ ಇಳಿಸಿ, ಮಧ್ಯಾಹ್ನ ಹನ್ನೆರಡಕ್ಕೂ ಅಲ್ಲಿ ಕತ್ತಲೆ. ಹುಟ್ಟಿದ ಮಗುವಿಗೆ ಹಗಲು ರಾತ್ರಿಯ ಲೆಕ್ಕ ಇರುವುದಿಲ್ಲ. ಎರಡು ಮೂರು ತಿಂಗಳಲ್ಲಿ ನಿಧಾನಕ್ಕೆ ಬರುತ್ತದೆ, ಅದಕ್ಕೆ ಹಗಲಿನ ಬೆಳಕು ಕಣ್ಣಿಗೆ ಬೀಳಬೇಕು. ನಾವು ಅದನ್ನೇ ತಪ್ಪಿಸಿದ್ದೆವು. ಬೆಳಿಗ್ಗೆ ಅಡಕೆ ಹಾಳೆಯಲ್ಲಿ ಮಲಗಿಸಿ ಎಣ್ಣೆ ಹಚ್ಚಿ ಮೀಯಿಸಿದರೆ ಮೂರು ಗಂಟೆ ಗಡದ್ದು ನಿದ್ದೆ. ರಾತ್ರಿ ಹನ್ನೊಂದಕ್ಕೆ ಕಣ್ಣು ಪಿಳಿಪಿಳಿ.

ಗಂಡನ ಮನೆಗೆ ಬಂದ ಮೇಲೆ ಅದನ್ನು ಸರಿ ಮಾಡುವುದು ಕಷ್ಟ ಆಗಲಿಲ್ಲ. ಮಾವ ಬೆಳಿಗ್ಗೆ ಅವಳನ್ನು ಎತ್ತಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ಹಗಲು ಮಲಗಿದರೂ ಕಿಟಕಿ ತೆರೆದೇ ಇರುತ್ತಿತ್ತು, ಮಿಕ್ಸಿ ತಿರುಗುತ್ತಲೇ ಇತ್ತು. ಸಂಜೆ ಐದರ ನಂತರ ಮಲಗಲು ಬಿಡಲಿಲ್ಲ. ಕತ್ತಲಾದ ಮೇಲೆ ಒಂದೇ ಸಣ್ಣ ಬಲ್ಬು. ಇಷ್ಟರಿಂದ ಹನ್ನೊಂದರ ಆಟ ನಿಂತಿತು. ಎಂಟೂವರೆಗೆ ಮಲಗುತ್ತಿದ್ದಳು. ಆದರೆ ಏಳುವುದು ನಿಲ್ಲಲಿಲ್ಲ.

ಆಗ ಒಂದು ವಾರ ಸುಮ್ನೆ ಬರೆದಿಟ್ಟೆ, ಹಳೆಯ ಟೀಚಿಂಗ್ ನೋಟಿನ ಹಿಂದಿನ ಪುಟಗಳಲ್ಲಿ. ಒಂದು ರಾತ್ರಿಯದ್ದು ಹೀಗುಂಟು: 8.50 ಮಲಗಿದಳು. 9.45 ಎದ್ದಳು, ತೂಗಿದೆವು. 10.40 ಎದ್ದಳು, ತೂಗಿದೆವು. 11.30 ಎದ್ದಳು, ಹಾಲು. 12.25 ಎದ್ದಳು... ಮುಂದೆ ಪೆನ್ನು ಜಾರಿದ ಗೆರೆ ಮಾತ್ರ ಉಂಟು.

ಮಕ್ಕಳ ಡಾಕ್ಟರಿಗೆ ಆ ಪುಟ ತೋರಿಸಿದೆ. ಮೊದಲು ಮಗಳ ತೂಕ ನೋಡಿದರು. ಹುಟ್ಟುವಾಗ 2.9 ಕಿಲೋ ಇದ್ದವಳು 6.3 ಆಗಿದ್ದಳು. ಐದು ತಿಂಗಳಿಗೆ ತೂಕ ಎರಡು ಪಾಲು ಆದರೆ ಹೊಟ್ಟೆಯ ಚಿಂತೆ ಬೇಡ, ಈ ಪ್ರಾಯದಲ್ಲಿ ರಾತ್ರಿ ಒಂದೆರಡು ಸಲ ಹಾಲು ಕೇಳುವುದು ಸಹಜ, ಉಳಿದದ್ದು ಹಸಿವಲ್ಲ ಅಂದರು. ಹಗ್ಗದ ಕತೆ ಕೇಳಿ ಮಾತ್ರ ಮುಖ ಗಂಟು ಹಾಕಿದರು. "ಅದನ್ನು ಇವತ್ತೇ ಬಿಚ್ಚಿ. ಮಗು ಕೈಗೆ ಸಿಕ್ಕಿ ಕುತ್ತಿಗೆಗೆ ಸುತ್ತಿದರೆ ಎಂತ ಮಾಡುತ್ತೀರಿ?" ತಲೆ ಉರುಟಾಗಲಿ ಅಂತ ಅತ್ತೆ ಹೊಲಿದ ಸಾಸಿವೆ ದಿಂಬೂ ಬೇಡ ಅಂದರು. ಅಂಗಾತ ಮಲಗಿಸಬೇಕು, ಹಾಸಿಗೆ ಗಟ್ಟಿ ಇರಬೇಕು, ಮುಖದ ಹತ್ತಿರ ದಿಂಬು, ದಪ್ಪ ಹೊದಿಕೆ ಯಾವುದೂ ಇರಬಾರದು.

ಆಮೇಲೆ ನನ್ನ ಪುಟಕ್ಕೆ ಬಂದರು. ಈ ಮಕ್ಕಳಿಗೆ ಸುಮಾರು ಐವತ್ತು ನಿಮಿಷಕ್ಕೆ ಒಂದು ಸುತ್ತು ನಿದ್ದೆ ಮುಗಿಯುತ್ತದೆ. ಪ್ರತಿ ಸುತ್ತಿನ ಕೊನೆಗೆ ಸ್ವಲ್ಪ ಎಚ್ಚರ ಆಗುತ್ತದೆ. ನಮಗೂ ಆಗುತ್ತದೆ, ಆದರೆ ನಾವು ಮಗ್ಗುಲು ಬದಲಿಸಿ ಮಲಗುತ್ತೇವೆ, ಬೆಳಿಗ್ಗೆ ನೆನಪೂ ಇರುವುದಿಲ್ಲ. ನನಗೆ ಕಾಸರಗೋಡಿನ ಬಸ್ಸು ನೆನಪಾಯಿತು. ಓಡುವ ಬಸ್ಸಿನಲ್ಲಿ ನಿದ್ದೆ ಹೋದವರಿಗೆ ಬಸ್ಸು ನಿಂತ ಕೂಡಲೇ ಎಚ್ಚರ ಆಗುತ್ತದೆ, ಅಲ್ವಾ? ನಮ್ಮವಳದ್ದೂ ಅದೇ. ತೂಗುವಾಗ ನಿದ್ದೆ ಹೋದವಳಿಗೆ ನಡುವೆ ಕಣ್ಣು ಬಿಟ್ಟರೆ ತೊಟ್ಟಿಲು ನಿಂತಿದೆ. ಹಾಗಾಗಿ ಬಸ್ಸನ್ನೇ ಬಿಡಬೇಕು. ನಿಂತ ಜಾಗದಲ್ಲೇ ನಿದ್ದೆ ಹೋಗುವುದನ್ನು ಕಲಿಯಬೇಕು.

ಹಗ್ಗ ಅವತ್ತೇ ಬಿಚ್ಚಿದೆವು. ನನ್ನ ಹಾಸಿಗೆಯ ಪಕ್ಕ ನೆಲದಲ್ಲಿ ಅವಳಿಗೆ ಬೇರೆ ಗಟ್ಟಿ ಹತ್ತಿ ಹಾಸಿಗೆ, ಮೇಲೆ ಸೊಳ್ಳೆಪರದೆ. ಸಂಜೆ ಏಳೂವರೆಗೆ ಬಿಸಿನೀರಲ್ಲಿ ಅದ್ದಿದ ಬೈರಾಸಿನಿಂದ ಮೈ ಒರೆಸಿ, ಅಂಗಿ ಬದಲಿಸಿ, ಹಾಲು ಕೊಡುತ್ತಿದ್ದೆ. ಹಾಲು ಕುಡಿಯುತ್ತಾ ನಿದ್ದೆ ಹೋಗಬಾರದು, ಅದೇ ಮುಖ್ಯ. ಕಣ್ಣು ಎಳೆಯುವಾಗ ಎತ್ತಿ ತೇಗು ಬರಿಸಿ, ಎಚ್ಚರ ಇರುವಾಗಲೇ ಹಾಸಿಗೆಗೆ. ಆಮೇಲೆ ಜೋಗುಳ ಹಾಡಬೇಕು. ನನಗೆ ಹಾಡಲು ಬರುವುದಿಲ್ಲ ಮಾರಾಯ್ರೆ. ಹಾಗೆ ಮಗ್ಗಿ ಹೇಳಿದೆ. "ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು..." ನಿಧಾನಕ್ಕೆ, ರಾಗ ಎಳೆದು. ಇದು ಒಳ್ಳೆಯದೇ ಆಯಿತು. ಇವರಿಗೂ ಮಗ್ಗಿ ಬರುತ್ತದೆ. ಯಾರು ಮಲಗಿಸಿದರೂ ಅದೇ ಶಬ್ದ.

ಮೊದಲ ರಾತ್ರಿ ನಲವತ್ತು ನಿಮಿಷ ಅತ್ತಳು. ನಾನು ಪಕ್ಕದಲ್ಲೇ ಇದ್ದೆ, ಅವಳ ಎದೆಯ ಮೇಲೆ ಕೈ ಇಟ್ಟುಕೊಂಡು. ಒಂಬತ್ತರ ಮಗ್ಗಿ ಮುಗಿದು ಮತ್ತೆ ಎರಡಕ್ಕೆ ಬಂದೆ. ಎರಡನೇ ರಾತ್ರಿ ಇನ್ನೂ ಜಾಸ್ತಿ, ಐವತ್ತು ನಿಮಿಷ. ಬಾಗಿಲು ಹಾಕಿ ಒಬ್ಬಳನ್ನೇ ಅಳಲು ಬಿಡುವ ಕ್ರಮವೂ ಉಂಟು. ನನ್ನಿಂದ ಆಗಲಿಲ್ಲ. ಮತ್ತೆ ನಮ್ಮದು ಹಳೆಯ ಹೆಂಚಿನ ಮನೆ, ಗೋಡೆ ಮಾಡಿನವರೆಗೆ ಇಲ್ಲ. ಇಲ್ಲಿ ಅತ್ತರೆ ಅಡುಗೆಮನೆಯಲ್ಲಿ ಕೇಳುತ್ತದೆ.

ಮೂರನೇ ರಾತ್ರಿ ಅತ್ತೆ ಬಾಗಿಲಿಗೆ ಬಂದು ನಿಂತರು. "ಎಂಥ ಕಲ್ಲು ಮನಸ್ಸು ಮಾರಾಯ್ತಿ ನಿನ್ನದು? ನಾಲ್ಕು ಮಕ್ಕಳನ್ನು ತೊಟ್ಟಿಲಲ್ಲೇ ಬೆಳೆಸಿದ್ದೇನೆ. ಯಾರಿಗೆ ಎಂತ ಆಯಿತು?" ನನಗೂ ಅಳು ಬಂತು. ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅವರ ಕಾಲದಲ್ಲಿ ಮನೆಯಲ್ಲಿ ಹನ್ನೊಂದು ಜನ ಇದ್ದರು, ತೂಗಲು ಕೈ ಇತ್ತು. ಕೊನೆಗೆ ರಾಜಿ ಆಯಿತು: ಹಗಲು ತೊಟ್ಟಿಲು ಅತ್ತೆಯದ್ದು, ಎದುರು ಕೂತು ಕೈಯಲ್ಲೇ ತೂಗಬೇಕು. ರಾತ್ರಿ ಹಾಸಿಗೆ ನನ್ನದು. ಮಗಳು ಗೊಂದಲ ಮಾಡಿಕೊಳ್ಳುತ್ತಾಳೆ ಅಂತ ನಾನು ಹೆದರಿದ್ದೆ. ಏನೂ ಆಗಲಿಲ್ಲ.

ಐದನೇ ರಾತ್ರಿ ಹತ್ತು ನಿಮಿಷ. ಏಳನೇ ರಾತ್ರಿ ನಾನು ಏಳರ ಮಗ್ಗಿಯಲ್ಲಿದ್ದೆ. ಅವಳು ಬಲಗೈಯಿಂದ ತನ್ನ ಕಿವಿ ಹಿಡಿದು ತಿರುವುತ್ತಾ ಪರದೆಯನ್ನೇ ನೋಡುತ್ತಿದ್ದಳು. ತಿರುವುವುದು ನಿಧಾನ ಆಯಿತು. ಕೈ ಜಾರಿ ಹಾಸಿಗೆಗೆ ಬಿತ್ತು. ಅವತ್ತು 9.40ಕ್ಕೆ ಅಲುಗಾಡಿದ್ದು ಕಂಡೆ, ಉಸಿರು ಬಿಗಿಹಿಡಿದು ಕೂತೆ. ಕಿವಿ ಹುಡುಕಿ ಹಿಡಿದು ಮತ್ತೆ ಮಲಗಿದಳು.

ರಾತ್ರಿ ಎರಡರ ಹಾಲು ನಿಲ್ಲಿಸಲಿಲ್ಲ. ಲೈಟು ಹಾಕದೆ, ಮಾತಾಡದೆ ಕೊಡುತ್ತಿದ್ದೆ. ಮಣ್ಣಿ (ಮಕ್ಕಳಿಗೆ ಕೊಡುವ ಗಂಜಿ) ಬೇಗ ಶುರು ಮಾಡು, ಹೊಟ್ಟೆ ತುಂಬಿದರೆ ಮಲಗುತ್ತದೆ ಅಂತ ಹೇಳಿದವರು ಎಷ್ಟೋ ಜನ. ಆರು ತಿಂಗಳು ತುಂಬುವವರೆಗೆ ಕೊಡಲಿಲ್ಲ. ತಾಯಿಮನೆಯ ಕಡೆಯ ಅಜ್ಜಿಯೊಬ್ಬರು ಜಾಯಿಕಾಯಿ ತೇದು ನೆಕ್ಕಿಸು ಅಂದರು. ಅದು ನಿದ್ದೆಯಲ್ಲ, ಅಮಲು. ಸಣ್ಣ ಮಕ್ಕಳಿಗೆ ಜಾಯಿಕಾಯಿ ವಿಷ ಆಗಬಹುದು. ಜೇನೂ ಹಾಗೆ, ಒಂದು ವರ್ಷದ ಒಳಗೆ ಕೊಡಲೇಬಾರದು. ಅಜ್ಜಿಗೆ "ಆಯ್ತು ಅಜ್ಜಿ" ಅಂದು ಸುಮ್ಮನಾದೆ. ಎಲ್ಲರ ಹತ್ತಿರ ವಾದ ಮಾಡಲು ನಿದ್ದೆ ಬೇಕಲ್ಲ!

ಎಲ್ಲ ಸರಿ ಹೋಯಿತು ಅನ್ನುವಾಗ ಅಕ್ಟೋಬರ್-ನವೆಂಬರಿನ ತುಲಾ ತಿಂಗಳ ಗುಡುಗು ಮಳೆ. ಸಂಜೆ ಒಂದು ಸಿಡಿಲು, ರಾತ್ರಿ ಇಡೀ ಕರೆಂಟಿಲ್ಲ. ಫ್ಯಾನು ನಿಂತರೆ ಶೆಕೆಗೆ ದೊಡ್ಡವರೇ ಮಲಗುವುದಿಲ್ಲ, ಇನ್ನು ಮಗು! ಮಗ್ಗಿ, ಕಿವಿ ಯಾವುದೂ ನಡೆಯಲಿಲ್ಲ. ಒಂದು ರೀಚಾರ್ಜ್ ಫ್ಯಾನು ತಂದೆವು. ಇಡೀ ಪ್ರಯತ್ನದಲ್ಲಿ ದುಡ್ಡು ಕೊಟ್ಟು ತಂದದ್ದು ಅದೊಂದೇ. ಮತ್ತೆ ಜ್ವರ ಬಂದಾಗ, ಹಲ್ಲು ಬರುವಾಗ, ಒಂಬತ್ತು ತಿಂಗಳ ಚುಚ್ಚುಮದ್ದಿನ ರಾತ್ರಿ, ನಿಯಮ ಎಲ್ಲ ಬದಿಗಿಟ್ಟು ಎತ್ತಿಕೊಂಡು ತಿರುಗಿದೆ. ಸರಿಯಾದ ಮೇಲೆ ಎರಡು ಮೂರು ರಾತ್ರಿ ಮತ್ತೆ ಮೊದಲಿನಿಂದ. ಪ್ರತಿ ಸಲ ಅಳು ಕಡಿಮೆ ಇತ್ತು.

ನವೆಂಬರಿನಲ್ಲಿ ಶಾಲೆಗೆ ಹೋದೆ. ಆಗ ಎಂಟೂವರೆಯಿಂದ ಎರಡರವರೆಗೆ ಮಲಗುತ್ತಿದ್ದಳು. ಡಾಕ್ಟರ್ ಹೇಳಿದ ಹಾಗೆ ಸಣ್ಣ ಮಗು ಒಂದೇ ಸಮ ಐದಾರು ಗಂಟೆ ಮಲಗಿದರೆ ಅದೇ ಇಡೀ ರಾತ್ರಿಯ ನಿದ್ದೆ. ಎಂಟನೇ ತಿಂಗಳಲ್ಲಿ ಎರಡರ ಹಾಲನ್ನು ಅವಳೇ ಬಿಟ್ಟಳು. ನಾನು ಅಭ್ಯಾಸಕ್ಕೆ ಎದ್ದು ಕೂತು, ಅವಳು ಮಲಗಿದ್ದನ್ನು ನೋಡಿ ಇನ್ನೊಂದು ವಾರ ನಿದ್ದೆ ಕೆಡಿಸಿಕೊಂಡೆ.

ಈಗ ಹನ್ನೊಂದು ತಿಂಗಳು. ಬೆಳಿಗ್ಗೆ ಐದೂವರೆಗೆ ಸರಿಯಾಗಿ ಏಳುತ್ತಾಳೆ, ಭಾನುವಾರವೂ. ಅದಕ್ಕೆ ಮಾತ್ರ ಯಾವ ಉಪಾಯವೂ ನಡೆಯಲಿಲ್ಲ. ಮಾವನಿಗೆ ಅದರಿಂದ ಭಾರೀ ಖುಷಿ. ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಮೊಮ್ಮಗಳು, ಇಬ್ಬರೂ ಜಗಲಿಗೆ. ನಾನು ಮತ್ತೆ ಮುಸುಕು ಹಾಕಿ ಮಲಗುತ್ತೇನೆ.