ನಮ್ಮ ಗುಡ್ಡದ ಕಾಫಿ ನಮ್ಮನೆ ಲೋಟಕ್ಕೆ

ಡಿಸೆಂಬರ್‌ನಲ್ಲಿ ಮಲೆನಾಡಿನ ಯಾವುದೇ ಕಾಫಿ ಬೆಳೆಗಾರರ ಮನೆಗೆ ಹೋಗಿ. ಕಣದ ತುಂಬ ಕಾಫಿ ಒಣಗುತ್ತಿರುತ್ತದೆ. ಅಡುಗೆಮನೆಯಲ್ಲಿ ಮಾತ್ರ ಪೇಟೆಯಿಂದ ತಂದ ಪುಡಿಯ ಪ್ಯಾಕೆಟ್ಟು! ಅದರೊಳಗೆ ಎಲ್ಲೆಲ್ಲಿಯ ಬೀಜ ಸೇರಿದೆಯೋ ಯಾರಿಗೆ ಗೊತ್ತು. ಮಿಶ್ರಣದ ಪುಡಿಯಾದರೆ ಕಾನೂನಿನ ಪ್ರಕಾರ ನೂರಕ್ಕೆ 49 ಪಾಲಿನವರೆಗೂ ಚಿಕೋರಿ ಇರಬಹುದು. ಬೆಳೆದವರಿಗೇ ತಮ್ಮ ಕಾಫಿಯ ರುಚಿ ಗೊತ್ತಿಲ್ಲ ಅಂದರೆ ಬೇಜಾರಾಗುತ್ತೆ ಅಲ್ವಾ?

ನಮ್ಮ ಮನೆಯಲ್ಲೂ ಬಹಳ ವರ್ಷ ಹೀಗೇ ಇತ್ತು. ಬಾಳೆಹೊನ್ನೂರಿನಿಂದ ಕಳಸಕ್ಕೆ ಹೋಗುವ ದಾರಿಯ ಮೇಲಿನ ಒಂದು ಗುಡ್ಡ ನಮ್ಮದು. ಈಗ ಪ್ರತಿ ಕೊಯ್ಲಿನಲ್ಲೂ 50 ಕಿಲೋ ಹಣ್ಣನ್ನು ಮನೆಗೆ ಅಂತ ಬೇರೆ ತೆಗೆದಿಡುತ್ತೇವೆ. ಅಷ್ಟು ಅರೇಬಿಕಾ ಹಣ್ಣಿಗೆ ಒಣಗಿದ ಪಾರ್ಚ್‌ಮೆಂಟ್, ಅಂದರೆ ತೆಳು ಒಳಸಿಪ್ಪೆ ಇನ್ನೂ ಇರುವ ಬೀಜ, ಸುಮಾರು 10 ಕಿಲೋ ಸಿಗುತ್ತದೆ. ಸುಲಿದರೆ 8 ಕಿಲೋ ಬೀಜ, ಹುರಿದರೆ ಹತ್ತಿರ ಹತ್ತಿರ ಆರೂವರೆ ಕಿಲೋ. ತಿಂಗಳಿಗೆ ಅರ್ಧ ಕಿಲೋ ಪುಡಿ ಮುಗಿಸುವ ಮನೆಗೆ ಒಂದು ವರ್ಷಕ್ಕೆ ಸಾಕು. ನೀವೂ ಮಾಡಿ. ದೊಡ್ಡ ಮಿಷನ್ ಏನೂ ಬೇಡ.

ಗುಡ್ಡ ನೋಡಿ ಗಿಡ

ಅರೇಬಿಕಾಕ್ಕೆ ಎತ್ತರ ಬೇಕು, ಸಮುದ್ರಮಟ್ಟದಿಂದ ಸುಮಾರು 1,000 ಮೀಟರಿನಿಂದ 1,500 ಮೀಟರ್. ಅಲ್ಲಿ ರಾತ್ರಿ ತಂಪು. ಹಣ್ಣು ನಿಧಾನವಾಗಿ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ, ರುಚಿ ಕೂಡುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಎಲೆಚುಕ್ಕೆ ರೋಗಕ್ಕೆ ಹೆದರಿ ಅಡಿಕೆ ತೋಟದೊಳಗೆ ಕಾಫಿ ಹಾಕುತ್ತಿರುವವರು ಜಾಸ್ತಿಯಾಗಿದ್ದಾರೆ. ಅಲ್ಲಿನ ತಗ್ಗಿಗೆ ಕಾಫಿಯ ಇನ್ನೊಂದು ಜಾತಿ ರೋಬಸ್ಟಾನೇ ಸರಿ. ಅರೇಬಿಕಾ ಹಾಕಿ ಕಾಂಡಕೊರಕ ಹುಳಕ್ಕೆ ಕೊಡಬೇಡಿ.

ತಳಿಯಲ್ಲಿ ನನ್ನ ಆಯ್ಕೆ ಎಸ್. 795. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾಯಿತು. ಅಲ್ಲಿಂದ 1940ರ ದಶಕದಲ್ಲಿ ಬಂದ ತಳಿ ಇದು. ಹೊಸ ತಳಿಗಳಷ್ಟು ಗಿಡ್ಡ ಅಲ್ಲ, ಇತ್ತೀಚೆಗೆ ಎಲೆತುಕ್ಕೂ ಹಿಡಿಯುತ್ತದೆ. ಆದರೆ ಲೋಟದಲ್ಲಿ ಅದರ ರುಚಿಯೇ ಬೇರೆ. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ನೆಟ್ಟರು ಎನ್ನುತ್ತಾರಲ್ಲ, ಆ ಗಿರಿಯ ಅರೇಬಿಕಾಕ್ಕೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಆ ಊರಿನ ರುಚಿ ಬೇರೆ ಊರಲ್ಲಿ ಬರುವುದಿಲ್ಲ ಅನ್ನುವುದಕ್ಕೆ ಕೊಟ್ಟ ಗುರುತು ಅದು. ಹಾಗೆ ನೋಡಿದರೆ ಪ್ರತಿ ಗುಡ್ಡಕ್ಕೂ ಒಂದು ರುಚಿ ಇದೆ.

ಗಿಡ ಹಾಕುವುದು ಮಳೆಗಾಲದ ಶುರುವಿನಲ್ಲಿ. ಫಸಲು ಕಾಣಲು ಮೂರು ನಾಲ್ಕು ವರ್ಷ ಬೇಕು. ಕಸಿ (ಗಿಡದ ರೆಂಬೆ ಸವರುವುದು), ಚಿಗುರು ತೆಗೆಯುವುದು, ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವುದು ನಿಮಗೆ ಗೊತ್ತಿರುವುದೇ. ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವುದರ ಬಗ್ಗೆ ಮಾತ್ರ ಒಂದು ಮಾತು. ಬಿಳಿ ಕಾಂಡಕೊರಕದ ಹುಳ ಬಿಸಿಲು ಬೀಳುವ ಗಿಡವನ್ನೇ ಹುಡುಕಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಅದು ಹಾರಾಡುವುದು ಏಪ್ರಿಲ್-ಮೇನಲ್ಲಿ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಆ ಹೊತ್ತಿಗೆ ಹಾಲುವಾಣ, ಅತ್ತಿ, ಹಲಸಿನ ನೆರಳು ಬೋಳಾಗಿರಬಾರದು. ಕಾಂಡದ ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆದರೆ ಹುಳಕ್ಕೆ ಜಾಗವೇ ಇರುವುದಿಲ್ಲ.

ಮಾರ್ಚ್-ಏಪ್ರಿಲ್‌ನಲ್ಲಿ ಒಂದು ಒಳ್ಳೆ ಹೂಮಳೆ ಬಂದರೆ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಆಮೇಲೆ ಕಾಯಿ ಕಚ್ಚಲು ಇನ್ನೊಂದು ಮಳೆ, ಬ್ಯಾಕಿಂಗ್ ಮಳೆ. ಹೂವಿನಿಂದ ಹಣ್ಣಿಗೆ ಅರೇಬಿಕಾದಲ್ಲಿ ಎಂಟು ಒಂಬತ್ತು ತಿಂಗಳು.

ಕೊಯ್ಲಿನ ದಿನ

ಕಾಫಿಯ ರುಚಿ ಎಷ್ಟಿದ್ದರೂ ಅದು ಹಣ್ಣಿನಲ್ಲೇ ಬಂದಿರುತ್ತದೆ. ಕೊಯ್ದ ಮೇಲೆ ನಾವು ಮಾಡುವುದೆಲ್ಲ ಅದನ್ನು ಕೆಡದ ಹಾಗೆ ನೋಡಿಕೊಳ್ಳುವ ಕೆಲಸ. ಹಾಗಾಗಿ ಮನೆಗೆ ಬೇಕಾದ ಹಣ್ಣನ್ನು ಕೊಯ್ಲಿನ ನಡುವಿನ ದಿನಗಳಲ್ಲಿ, ಗಿಡದಲ್ಲಿ ಒಳ್ಳೆಯ ಹಣ್ಣು ತುಂಬಿರುವಾಗ ಕೊಯ್ಯಿರಿ. ಎಲ್ಲ ಮುಗಿದ ಮೇಲೆ ಉಳಿದದ್ದು ಮನೆಗೆ ಅನ್ನಬೇಡಿ.

ಎರಡು ಬೆರಳ ನಡುವೆ ಹಣ್ಣು ಒತ್ತಿ ನೋಡಿ. ಬೀಜ ಸುಲಭವಾಗಿ ಜಾರಿ ಹೊರಗೆ ಬಂದರೆ ಅದು ಹದ. ಬೆರಳಿಗೆ ಅಂಟಿದ ಲೋಳೆ ನೆಕ್ಕಿದರೆ ಸಿಹಿ ಇರಬೇಕು. ಅರೆಹಣ್ಣು ಒಗರು ಕೊಡುತ್ತದೆ. ಕಪ್ಪಾಗಿ ಸುಕ್ಕಿದ್ದು ಹುಳಿ ಕೊಡುತ್ತದೆ. ಮನೆಗೆ ತಂದು ಬಕೆಟ್ ನೀರಿಗೆ ಸುರಿದರೆ ಜೊಳ್ಳು ಮೇಲೆ ತೇಲುತ್ತದೆ. ಅದನ್ನು ಬಾಚಿ ತೆಗೆಯಿರಿ.

ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು, ಅಂದರೆ ಹೊರಸಿಪ್ಪೆ ಬಿಡಿಸಬೇಕು. ಒಂದು ವರ್ಷ ಮನೆಯಲ್ಲಿ ಮದುವೆ ಇತ್ತು. ಹಣ್ಣು ಚೀಲದಲ್ಲೇ ರಾತ್ರಿ ಕಳೆಯಿತು. ಬೆಳಿಗ್ಗೆ ಚೀಲದೊಳಗೆ ಕೈ ಹಾಕಿದರೆ ಒಳಗೆ ಬೆಚ್ಚಗೆ, ಹುಳಿ ಹೆಂಡದ ವಾಸನೆ. ಪರವಾಗಿಲ್ಲ ಅಂತ ತೊಳೆದು ಒಣಗಿಸಿದೆ, ನೋಡುವುದಕ್ಕೆ ಬೀಜ ಚೆನ್ನಾಗೇ ಇತ್ತು. ನಾಲ್ಕು ತಿಂಗಳ ನಂತರ ಹುರಿದು ಫಿಲ್ಟರಿಗೆ ಹಾಕಿದಾಗ ಅದೇ ವಾಸನೆ ಮತ್ತೆ ಎದ್ದು ಬಂತು. ಚಿಕ್ಕಮ್ಮ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಆ ವರ್ಷವೆಲ್ಲ ಮತ್ತೆ ಪ್ಯಾಕೆಟ್ ಪುಡಿಯೇ.

ಲೋಳೆ ಬಿಡಿಸುವುದು

50 ಕಿಲೋಗೆ ಕೈಯಲ್ಲಿ ತಿರುಗಿಸುವ ಸಣ್ಣ ಪಲ್ಪರ್ ಸಾಕು. ಸಿಪ್ಪೆ ಗೊಬ್ಬರದ ಗುಂಡಿಗೆ ಹೋಗಲಿ. ಬೀಜಗಳನ್ನು ಪ್ಲಾಸ್ಟಿಕ್ ಡ್ರಮ್ಮಿಗೆ ಹಾಕಿ ಮುಚ್ಚಿಡಿ. ಅದರ ಮೇಲಿನ ಲೋಳೆ ತಾನಾಗೇ ಹುಳಿತು ಕಳಚಬೇಕು. ನಮ್ಮ ಚಳಿಯಲ್ಲಿ ಅದಕ್ಕೆ 24ರಿಂದ 36 ಗಂಟೆ ಬೇಕು.

ಗಡಿಯಾರವನ್ನೇ ನಂಬಬೇಡಿ, ಕೈಯನ್ನು ನಂಬಿ. ಹದಿನೆಂಟು ಗಂಟೆ ಆದಮೇಲೆ ಆಗಾಗ ಒಂದು ಹಿಡಿ ತೆಗೆದು ನೀರಲ್ಲಿ ಅದ್ದಿ ಮುಷ್ಟಿಯಲ್ಲಿ ಉಜ್ಜಿ. ಮೊದಮೊದಲು ಬೆಂಡೆಕಾಯಿ ಹೆಚ್ಚಿದ ಹಾಗೆ ಜಾರುತ್ತದೆ. ಹದ ಬಂದಾಗ ಹೊಳೆಯ ಸಣ್ಣ ಕಲ್ಲು ಹಿಡಿದ ಹಾಗೆ ಗರಗರ ಅನ್ನುತ್ತದೆ. ಇನ್ನೊಂದು ಪರೀಕ್ಷೆಯೂ ಇದೆ. ರಾಶಿಯ ಮಧ್ಯಕ್ಕೆ ಕೋಲು ಚುಚ್ಚಿ ತೆಗೆಯಿರಿ. ತೂತು ಮುಚ್ಚಿಕೊಳ್ಳದೆ ಹಾಗೇ ನಿಂತರೆ ಆಯಿತು. ಆಗ ರಾತ್ರಿ ಹನ್ನೆರಡು ಗಂಟೆಯಾಗಿದ್ದರೂ ಎದ್ದು ತೊಳೆಯಬೇಕು. ಬೆಳಿಗ್ಗೆ ನೋಡೋಣ ಅಂದರೆ ಬೀಜ ಹುಳಿಯಾಗುತ್ತದೆ.

ಮೂರು ನಾಲ್ಕು ಸಲ ಒಳ್ಳೆ ನೀರಲ್ಲಿ ತೊಳೆಯಿರಿ. ಆ ನೀರನ್ನು ದಯವಿಟ್ಟು ಹಳ್ಳಕ್ಕೆ ಬಿಡಬೇಡಿ. ಅದು ಹಳ್ಳದ ನೀರಿನ ಆಮ್ಲಜನಕವನ್ನು ತಿಂದುಬಿಡುತ್ತದೆ, ಮೀನು ಸಾಯುತ್ತವೆ. ಹಳ್ಳದ ನೀರು ಕೊನೆಗೆ ಭದ್ರೆಗೇ ಹೋಗುತ್ತದೆ. ಒಂದು ಇಂಗುಗುಂಡಿ ತೋಡಿ.

ರೋಬಸ್ಟಾದ ಲೋಳೆ ಇನ್ನೂ ದಪ್ಪ, ಬೇಗ ಬಿಡುವುದಿಲ್ಲ. ಮೊದಲ ಸಲ ಮಾಡುವವರು ರೋಬಸ್ಟಾ ಹಣ್ಣನ್ನು ಪಲ್ಪ್ ಮಾಡದೆ ಹಾಗೇ ಚೆರ್ರಿ ಒಣಗಿಸಿಕೊಳ್ಳುವುದು ವಾಸಿ. ಬಿಸಿಲು ಚೆನ್ನಾಗಿದ್ದರೆ ಹನ್ನೆರಡರಿಂದ ಹದಿನೈದು ದಿನ.

ಒಣಗಿಸುವುದು

ನೆಲಕ್ಕೆ ಹಾಕಬೇಡಿ. ತಂತಿ ಜಾಲರಿಯ ಮಂಚ ಮಾಡಿಕೊಂಡರೆ ಗಾಳಿ ಕೆಳಗಿನಿಂದಲೂ ಆಡುತ್ತದೆ. ಮೊದಲ ದಿನ ನೀರು ಸೋರಲಿ. ಆಮೇಲೆ ತೆಳುವಾಗಿ ಹರಡಿ ಗಂಟೆಗೊಮ್ಮೆ ಕೈಯಾಡಿಸಿ. ನಡುಮಧ್ಯಾಹ್ನದ ಬಿಸಿಲು ಜೋರಾಗಿದ್ದರೆ ಮುಚ್ಚಿ, ಇಲ್ಲದಿದ್ದರೆ ಪಾರ್ಚ್‌ಮೆಂಟ್ ಸಿಪ್ಪೆ ಒಡೆಯುತ್ತದೆ. ಸಂಜೆ ಇಬ್ಬನಿ ಬೀಳುವ ಮುಂಚೆ ರಾಶಿ ಮಾಡಿ ಹೊದಿಸಿ. ಏಳರಿಂದ ಹತ್ತು ದಿನದಲ್ಲಿ ತೇವ ನೂರಕ್ಕೆ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಸಿಪ್ಪೆ ಬಿಡಿಸಿ ಬೀಜ ಕಚ್ಚಿ ನೋಡಿ. ಹಲ್ಲಿನ ಗುರುತು ಬೀಳಬಾರದು. ಬಣ್ಣ ನೀಲಿ ಬೆರೆತ ಹಸಿರು.

ಪಾರ್ಚ್‌ಮೆಂಟನ್ನು ಸುಲಿಯದೆ ಗೋಣಿಚೀಲದಲ್ಲಿ ಹಲಗೆಯ ಮೇಲೆ ಇಡಿ. ಕಾಫಿ ಬೇರೆ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಗೊಬ್ಬರ, ಡೀಸೆಲ್, ಕಾಳುಮೆಣಸು ಯಾವುದೂ ಆ ಕೋಣೆಯಲ್ಲಿ ಬೇಡ.

ಹುರಿಯುವುದು

ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಒರಳಿಗೆ ಹಾಕಿ ಒನಕೆಯಲ್ಲಿ ಹಗುರಾಗಿ ಕುಟ್ಟಿ. ಬೀಜ ಒಡೆಯಬಾರದು. ಮೊರದಲ್ಲಿ ಕೇರಿ. ಕಪ್ಪು ಬೀಜ, ತೂತು ಬಿದ್ದ ಬೀಜ, ಒಡಕು ಆರಿಸಿ ಬಿಸಾಡಿ. ಒಂದೇ ಒಂದು ಕೊಳೆತ ಬೀಜ ಲೋಟ ಕೆಡಿಸುತ್ತದೆ.

ದಪ್ಪ ತಳದ ಕಬ್ಬಿಣದ ಬಾಣಲೆ, ಮಧ್ಯಮ ಉರಿ. ಒಂದು ಸಲಕ್ಕೆ ಕಾಲು ಕಿಲೋಗಿಂತ ಜಾಸ್ತಿ ಬೇಡ. ಕೈ ನಿಲ್ಲಿಸದೆ ಕೆದಕುತ್ತಿರಿ. ಮೊದಲು ಬೀಜ ಹಳದಿಗೆ ತಿರುಗುತ್ತದೆ, ಒಣಹುಲ್ಲಿನ ವಾಸನೆ ಬರುತ್ತದೆ. ನಂತರ ಕಂದು ಬಣ್ಣ, ಅವಲಕ್ಕಿ ಹುರಿದಂಥ ವಾಸನೆ. ಎಂಟು ಹತ್ತು ನಿಮಿಷಕ್ಕೆ ಅರಳು ಸಿಡಿದ ಹಾಗೆ ಚಟ್ ಚಟ್ ಸದ್ದು ಶುರುವಾಗುತ್ತದೆ. ಇದು ಮೊದಲ ಸಿಡಿತ. ಇಲ್ಲಿ ಉರಿ ಸಣ್ಣ ಮಾಡಿ, ಅಡುಗೆಮನೆಯ ರೇಡಿಯೋ, ಫೋನು ಎಲ್ಲ ಬಂದ್ ಮಾಡಿ ಕಿವಿಗೊಟ್ಟು ಕೇಳಿ. ಸಿಡಿತ ನಿಂತು ಒಂದೆರಡು ನಿಮಿಷ ಸುಮ್ಮನಿರುತ್ತದೆ. ಆಮೇಲೆ ಒಣ ಕಡ್ಡಿ ಮುರಿದಂಥ ಸಣ್ಣ ಸದ್ದು ಬರುತ್ತದೆ, ಅದು ಎರಡನೆಯದು. ಈ ಎರಡರ ನಡುವೆ ಇಳಿಸಬೇಕು. ಎಣ್ಣೆ ಹೊರಬಂದು ಬೀಜ ಮಿರಮಿರ ಮಿಂಚುವವರೆಗೆ ಹುರಿದರೆ ಎಲ್ಲ ಗುಡ್ಡದ ಕಾಫಿಯೂ ಒಂದೇ ಥರ ಕಹಿಯಾಗುತ್ತದೆ. ಇಷ್ಟು ಕಷ್ಟಪಟ್ಟದ್ದೆಲ್ಲ ಹೊಗೆಯಲ್ಲಿ ಹೋಗುತ್ತದೆ.

ಇಳಿಸಿದ ಕೂಡಲೇ ಮೊರಕ್ಕೆ ಸುರಿದು ಕೇರಿ. ಬೀಜ ಆರುತ್ತದೆ, ಹೊಟ್ಟೂ ಹಾರುತ್ತದೆ. ಡಬ್ಬಿಯ ಮುಚ್ಚಳ ಸ್ವಲ್ಪ ಸಡಿಲ ಬಿಟ್ಟು ಎರಡು ದಿನ ಇಡಿ. ಹೊಸದಾಗಿ ಹುರಿದ ಬೀಜ ಗ್ಯಾಸ್ ಬಿಡುತ್ತಿರುತ್ತದೆ, ಅವತ್ತೇ ಡಿಕಾಕ್ಷನ್ ಇಳಿಸಿದರೆ ರುಚಿ ಕೂಡಿರುವುದಿಲ್ಲ. ವಾರಕ್ಕೆ ಬೇಕಾದಷ್ಟೇ ಪುಡಿ ಮಾಡಿ.

ಮೊದಲ ಡಿಕಾಕ್ಷನ್‌ಗೆ ಹಾಲು, ಸಕ್ಕರೆ ಹಾಕುವ ಮುಂಚೆ ಒಂದು ಚಮಚ ತೆಗೆದು ಬಿಸಿನೀರಿಗೆ ಬೆರೆಸಿ ಕುಡಿದು ನೋಡಿ. ನಮ್ಮ ಗುಡ್ಡದ ಮೂಡಣ ಇಳಿಜಾರಿನ ಕಾಫಿಯಲ್ಲಿ ಕಿತ್ತಳೆ ಸಿಪ್ಪೆಯಂಥ ಒಂದು ಸಣ್ಣ ಹುಳಿ ಇದೆ. ಹೊಳೆ ಕಡೆಯದರಲ್ಲಿ ಅದು ಇಲ್ಲ, ಬೆಲ್ಲದ ಹಾಗೆ ಇದೆ. ಇಷ್ಟು ವರ್ಷ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಿದ್ದೆವು. ಈ ಡಿಸೆಂಬರ್‌ನಲ್ಲಿ 25 ಕಿಲೋ ಅಲ್ಲಿಂದ, 25 ಕಿಲೋ ಇಲ್ಲಿಂದ ಬೇರೆ ಬೇರೆ ಕೊಯ್ದು, ಚೀಲದ ಮೇಲೆ ಜಾಗ, ತಾರೀಖು ಬರೆದಿಡುತ್ತೇವೆ.