ಫ್ರಾಕ್ಟೂರ್ ಪುಟಗಳನ್ನು ಕಂಪ್ಯೂಟರಿಗೆ ಓದಿಸುವುದು: ನನ್ನ ಅನುಭವ

ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಇಲ್ಲಿನ ಕೆಲಸದ ಬಗ್ಗೆ 19ನೇ ಶತಮಾನದಲ್ಲಿ ಅವರು ಜರ್ಮನ್‌ನಲ್ಲಿ ಅಚ್ಚು ಹಾಕಿಸಿದ ವರದಿಗಳು ಫ್ರಾಕ್ಟೂರ್ ಎಂಬ, ಮುರಿದ ಗೆರೆಗಳ ಹಳೆಯ ಜರ್ಮನ್ ಅಚ್ಚಿನ ಲಿಪಿಯಲ್ಲಿವೆ. ಜರ್ಮನ್ ಬಲ್ಲವರೂ ಅದರ ಮುಂದೆ ತಡವರಿಸುತ್ತಾರೆ. 1513ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಚಕ್ರವರ್ತಿ ಮ್ಯಾಕ್ಸಿಮಿಲಿಯನ್‌ಗಾಗಿ ಅಚ್ಚಾದ ಪ್ರಾರ್ಥನಾ ಪುಸ್ತಕದಿಂದ ಬೆಳೆದ ಶೈಲಿ ಇದು. 1941ರ ಜನವರಿಯಲ್ಲಿ ನಾತ್ಸಿ ಸರ್ಕಾರವೇ ಇದನ್ನು ಕೈಬಿಟ್ಟಿತು.

ಸ್ಕ್ಯಾನ್ 400 ಡಿಪಿಐ (ಇಂಚಿಗೆ 400 ಚುಕ್ಕಿ), ಗ್ರೇಸ್ಕೇಲ್ (ಬೂದು ಛಾಯೆಗಳೂ ಉಳಿಯುವಂತೆ). ಬರೀ ಕಪ್ಪು ಬಿಳುಪಿನಲ್ಲಿ ತೆಗೆದರೆ ಕೂದಲೆಳೆಯಂಥ ಗೆರೆಗಳು ಮಾಯವಾಗುತ್ತವೆ. ಈ ಲಿಪಿಯಲ್ಲಿ ಒಂದಕ್ಷರಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವೆಲ್ಲ ಆ ಗೆರೆಗಳಲ್ಲೇ ಇದೆ. ಓದಿಸುವುದು ಟೆಸರಾಕ್ಟ್ ಎಂಬ ಓಸಿಆರ್ (ಚಿತ್ರದಲ್ಲಿನ ಅಕ್ಷರಗಳನ್ನು ಪಠ್ಯವಾಗಿಸುವ) ತಂತ್ರಾಂಶದಲ್ಲಿ. ಮಾಮೂಲಿ ಜರ್ಮನ್ ಮಾಡೆಲ್ (ಅಕ್ಷರ ಗುರುತಿಸಲು ಕಲಿಸಿಟ್ಟ ಫೈಲ್) ಹಾಕಿದರೆ ಸಿಗುವುದು ಕಸ. ಮಾನ್‌ಹೈಮ್ ವಿಶ್ವವಿದ್ಯಾಲಯದ ಗ್ರಂಥಾಲಯದವರು ಫ್ರಾಕ್ಟೂರ್‌ಗೆಂದೇ ತಯಾರಿಸಿದ ಮಾಡೆಲ್ ಹಾಕುತ್ತೇನೆ. ಅದು ಉದ್ದ ಎಸ್ (ಎಸ್ ಅಕ್ಷರದ ಇನ್ನೊಂದು ಹಳೆಯ ರೂಪ, ſ) ಅನ್ನು ಉದ್ದ ಎಸ್ ಆಗಿಯೇ ಕೊಡುತ್ತದೆ.

ನಿಜವಾದ ತಲೆನೋವು ಈ ಉದ್ದ ಎಸ್. ಪದದ ಆದಿ, ಮಧ್ಯದಲ್ಲಿ ಇದು. ಪದದ ಕೊನೆಯಲ್ಲಿ, ಜೋಡುಪದದ ಮೊದಲ ಭಾಗದ ಕೊನೆಯಲ್ಲಿ ಗಿಡ್ಡ ಎಸ್. ಉದ್ದ ಎಸ್‌ಗೂ ಎಫ್‌ಗೂ ಇರುವ ಅಂತರ ನಮ್ಮ ದ–ಧ ಇದ್ದ ಹಾಗೆ, ಒಂದು ಪುಟ್ಟ ಗೀಟು. ಎಫ್‌ನ ಅಡ್ಡಗೀಟು ಕಂಬವನ್ನು ದಾಟಿ ಬಲಕ್ಕೆ ಬರುತ್ತದೆ, ಉದ್ದ ಎಸ್‌ನಲ್ಲಿ ಹಾಗೆ ದಾಟುವುದಿಲ್ಲ. ಮಸಿ ಸ್ವಲ್ಪ ಹರಡಿದರೂ ‘ಲುಸ್ಟ್’ (ಆಸೆ) ‘ಲುಫ್ಟ್’ (ಗಾಳಿ) ಆಗುತ್ತದೆ. ಎರಡೂ ನಿಘಂಟಿನಲ್ಲಿರುವ ಪದಗಳೇ ಆದ್ದರಿಂದ ಸ್ಪೆಲ್‌ಚೆಕ್ ಹಿಡಿಯುವುದಿಲ್ಲ. ಇಂಥ ಜೋಡಿಗಳ ಪಟ್ಟಿ ಇಟ್ಟುಕೊಂಡು, ಆ ಪದ ಬಂದ ಕಡೆಯೆಲ್ಲ ಸ್ಕ್ಯಾನ್ ತೆರೆದು ಕಣ್ಣಲ್ಲೇ ನೋಡುತ್ತೇನೆ. ಇಡೀ ಫೈಲಿಗೆ ಫೈಂಡ್–ರಿಪ್ಲೇಸ್ ಹೊಡೆಯುವುದು ಮಾತ್ರ ಬೇಡವೇ ಬೇಡ.

ಕೆ–ಟಿ, ಬಿ–ವಿ, ಎನ್–ಆರ್ ದೊಡ್ಡಕ್ಷರಗಳು ಕೂಡ ಕೈಕೊಡುತ್ತವೆ. ದೊಡ್ಡ ಐ, ಜೆ ಎರಡಕ್ಕೂ ಸಾಮಾನ್ಯವಾಗಿ ಒಂದೇ ಅಚ್ಚುಮೊಳೆ; ಅಲ್ಲಿ ಪದದ ಅರ್ಥ ನೋಡದೆ ದಾರಿಯಿಲ್ಲ.

ಫ್ರಾಕ್ಟೂರ್‌ಗೆ ಇಟಾಲಿಕ್ ಇಲ್ಲ. ಒತ್ತಿ ಹೇಳಬೇಕಾದ ಪದದ ಅಕ್ಷರಗಳನ್ನು ದೂರದೂರ ಜೋಡಿಸುತ್ತಿದ್ದರು. ಓಸಿಆರ್ ಅದನ್ನು ಬಿಡಿ ಅಕ್ಷರಗಳಾಗಿ ಚೆಲ್ಲುತ್ತದೆ. ಸಾಲಾಗಿ ಬಂದ ಒಂಟಿ ಅಕ್ಷರಗಳನ್ನು ಕೂಡಿಸುವ ರೆಜೆಕ್ಸ್ (ಪಠ್ಯದಲ್ಲಿ ಒಂದು ಮಾದರಿಯನ್ನು ಹುಡುಕುವ ಸೂತ್ರ) ಬರೆದರೆ ಅರ್ಧ ಕೆಲಸ ಆದೀತು. ಆದರೆ ಸಿಎಚ್, ಸಿಕೆ, ಟಿಝಡ್ ಒಂದೇ ಮೊಳೆಯಲ್ಲಿ ಅಂಟಿಕೊಂಡಿರುವುದರಿಂದ ಜಾಗ ಬಿಟ್ಟಾಗಲೂ ಬೇರೆಯಾಗುವುದಿಲ್ಲ. ರೆಜೆಕ್ಸ್ ಅಲ್ಲಿಗೆ ಬಂದು ನಿಂತುಬಿಡುತ್ತದೆ. ಆ ಮೂರನ್ನೂ ಒಂದೊಂದು ಅಕ್ಷರವೆಂದೇ ಅದಕ್ಕೆ ಹೇಳಿಕೊಡಬೇಕು.

ಸಾಲಿನ ಕೊನೆಯ ಹೈಫನ್ ಎರಡು ಗೀಟಿನದು, ಓಸಿಆರ್‌ಗೆ ‘=’ ಚಿಹ್ನೆಯಂತೆ ಕಾಣುತ್ತದೆ. ಮುಂದಿನ ಸಾಲು ಸಣ್ಣಕ್ಷರದಿಂದ ಶುರುವಾದರೆ ಕೂಡಿಸುತ್ತೇನೆ, ದೊಡ್ಡಕ್ಷರವಿದ್ದರೆ ಹಾಗೇ ಬಿಡುತ್ತೇನೆ.

ಕೊನೆಗೆ ಎರಡು ಫೈಲ್. ಒಂದರಲ್ಲಿ ಉದ್ದ ಎಸ್ (ಯೂನಿಕೋಡ್‌ನಲ್ಲಿ 017ಎಫ್) ಹಾಗೇ ಇರುತ್ತದೆ, ತಿದ್ದುಪಡಿಯೆಲ್ಲ ಅದರಲ್ಲೇ. ಹುಡುಕಾಟದ ಪ್ರತಿಯನ್ನು ಎನ್‌ಎಫ್‌ಕೆಸಿ ನಾರ್ಮಲೈಸೇಶನ್‌ಗೆ (ವಿಶೇಷ ರೂಪದ ಅಕ್ಷರಗಳನ್ನು ಮಾಮೂಲಿ ರೂಪಕ್ಕೆ ತರುವ ಯೂನಿಕೋಡ್ ವಿಧಾನ) ಹಾಕಿದರೆ ಉದ್ದ ಎಸ್‌ಗಳೆಲ್ಲ ಮಾಮೂಲಿ ಎಸ್ ಆಗುತ್ತವೆ. ಆಮೇಲೆ ತಪ್ಪು ಕಂಡರೂ ಈ ಪ್ರತಿಯನ್ನು ಮುಟ್ಟುವುದಿಲ್ಲ. ಮೊದಲನೆಯದನ್ನು ತಿದ್ದಿ ಇದನ್ನು ಮತ್ತೆ ತೆಗೆಯುತ್ತೇನೆ.