ಎರಡು ಚೌಕಟ್ಟುಗಳ ನಡುವೆ ಬಿದ್ದ ಕೊಡ

ಕಾಮಿಕ್ಸ್ ಮಾಡಲು ಕುಳಿತಾಗ ನಾನು ಮೊದಲು ತೀರ್ಮಾನಿಸುವುದು ಯಾವ ಚಿತ್ರವನ್ನು ಬರೆಯಬಾರದು ಎಂಬುದನ್ನು. ಮಕ್ಕಳಿಗಾಗಿ ಮಾಡಿದ ಒಂದು ಕಥೆಯಲ್ಲಿ ಅಜ್ಜಿಯ ತಾಮ್ರದ ಕೊಡ ಬಾವಿಗೆ ಬೀಳಬೇಕಿತ್ತು. ಮೊದಲ ಚೌಕಟ್ಟಿನಲ್ಲಿ ರಾಟೆಯ ಮೇಲಿನ ಹಗ್ಗ ಮಾತ್ರ: ಎಲ್ಲ ಎಳೆಗಳೂ ಬಿಚ್ಚಿಕೊಂಡು ಒಂದೇ ಒಂದು ಉಳಿದಿದೆ. ಮುಂದಿನದರಲ್ಲಿ ಬಾವಿಯೊಳಗಿಂದ ಪಾರಿವಾಳಗಳು ಗಾಬರಿಯಿಂದ ಮೇಲೇಳುತ್ತಿವೆ, ಅಜ್ಜಿಯ ಕೈಯಲ್ಲಿ ಹಗ್ಗದ ತುಂಡು. ಕೊಡ ಬೀಳುವುದನ್ನು ನಾನು ಬರೆದೇ ಇಲ್ಲ. ಆದರೂ ಓದಿದ ಮಕ್ಕಳು ಅದನ್ನು ಕಂಡರು. ಅದು ಬಾವಿಯ ಗೋಡೆಗೆ ಬಡಿದುಕೊಂಡೇ ಬಿತ್ತು ಎಂದು ಒಬ್ಬ ಹುಡುಗಿ ಖಚಿತವಾಗಿ ಹೇಳಿದಳು.

ಚೌಕಟ್ಟುಗಳ ನಡುವಿನ ಆ ಬಿಳಿ ಪಟ್ಟಿಯೇ ಈ ಮಾಧ್ಯಮದ ಜೀವಾಳ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ತಾವಾಗಿಯೇ ಓಡುತ್ತವೆ. ಇಲ್ಲಿ ಓಡಿಸಬೇಕಾದವರು ಓದುಗರು. ಆ ಪಟ್ಟಿ ಒಂದು ಕ್ಷಣವನ್ನೂ ನುಂಗಬಲ್ಲದು, ಇಪ್ಪತ್ತು ವರ್ಷಗಳನ್ನೂ ನುಂಗಬಲ್ಲದು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಆರಂಭಿಸಿದ ‘ಅಮರ ಚಿತ್ರ ಕಥೆ’ಯ ಒಂದು ಸಂಚಿಕೆಗೆ 32 ಪುಟ. ಒಂದು ಇಡೀ ಬದುಕು ಅಷ್ಟರಲ್ಲೇ ಮುಗಿಯಬೇಕಾದಾಗ ಕಾಲವನ್ನು ದಾಟಿಸುವ ಕೆಲಸವನ್ನು ಚೌಕಟ್ಟಿನ ತಲೆಯ ಮೇಲಿನ ನಿರೂಪಣೆಯ ಸಾಲು ಮಾಡುತ್ತಿತ್ತು. ನನ್ನದು ಸಣ್ಣ ಘಟನೆಗಳ ಕಥೆ, ಅದಕ್ಕೆ ನಿರೂಪಣೆ ಬೇಡ. ಅಗಲವಾದ, ಮಾತಿಲ್ಲದ ಚಿತ್ರವೊಂದನ್ನು ಇಟ್ಟರೆ ಕಣ್ಣು ಅಲ್ಲಿ ತಂಗುತ್ತದೆ. ಕಿರಿದಾದ ಮೂರು ಚೌಕಟ್ಟುಗಳನ್ನು ಒತ್ತೊತ್ತಾಗಿ ಇಟ್ಟರೆ ಓದು ಚುರುಕಾಗುತ್ತದೆ.

ಪುಟ ತಿರುವುವ ಕೈಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಗ್ಗದ ಚಿತ್ರವನ್ನು ಬಲಪುಟದ ಕೊನೆಗೆ ಇಟ್ಟೆ, ಪಾರಿವಾಳಗಳನ್ನು ಮುಂದಿನ ಎಡಪುಟದ ಆರಂಭಕ್ಕೆ. ಎದುರುಬದುರು ಪುಟಗಳಲ್ಲಿ ಇಟ್ಟಿದ್ದರೆ ಹಗ್ಗ ಕಾಣುವ ಮುಂಚೆಯೇ ಪಾರಿವಾಳಗಳು ಕಣ್ಣಿಗೆ ಬೀಳುತ್ತಿದ್ದವು.

ಇನ್ನು ಅಕ್ಷರ. ಕನ್ನಡದಲ್ಲಿ ಕಾಮಿಕ್ಸ್ ಮಾಡುವವರು ಇದಕ್ಕೆ ಕೊಡುವ ಗಮನ ಸಾಲದು ಎಂಬುದು ನನ್ನ ದೃಢ ಅಭಿಪ್ರಾಯ. ಇಂಗ್ಲಿಷ್ ಕಾಮಿಕ್ಸ್‌ನ ಮಾತುಗಳು ಹೆಚ್ಚಾಗಿ ದೊಡ್ಡಕ್ಷರಗಳಲ್ಲಿರುತ್ತವೆ; ಅವು ಸಾಲಿನ ಕೆಳಗೆ ಇಳಿಯುವುದಿಲ್ಲ, ಹಾಗಾಗಿ ಸಾಲುಗಳನ್ನು ಒತ್ತಾಗಿ ಜೋಡಿಸಬಹುದು. ನಮ್ಮಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ‘ಇಳಿಯಬೇಕಾಗುತ್ತದೆಯಲ್ಲವೇ’ ಎಂಬ ಒಂದೇ ಪದ ಮಾತಿನ ಗುಳ್ಳೆಯ ಅಗಲವನ್ನೆಲ್ಲ ತಿಂದುಬಿಡುತ್ತದೆ, ಅದನ್ನು ನಡುವೆ ಮುರಿದರೆ ಓದು ಎಡವುತ್ತದೆ. ಅಂಥ ಪದವನ್ನು ಗುಳ್ಳೆಯ ನಡುಸಾಲಿಗೆ, ಅದು ಅತ್ಯಂತ ಅಗಲವಾಗಿರುವ ಜಾಗಕ್ಕೆ, ತರುತ್ತೇನೆ. ಆಗದಿದ್ದರೆ ಮಾತನ್ನೇ ಬದಲಿಸುತ್ತೇನೆ. ಮೊದಲು ಮಾತನಾಡುವವರು ಎಡಕ್ಕಿರಬೇಕು, ಅವರ ಗುಳ್ಳೆ ಮೇಲಿರಬೇಕು. ಆದ್ದರಿಂದ ಪೆನ್ಸಿಲ್ ಹಂತದಲ್ಲೇ ಮಾತುಗಳನ್ನು ಕೈಯಾರೆ ಬರೆದು, ಸುತ್ತ ಗುಳ್ಳೆ ಎಳೆದು, ಉಳಿದ ಜಾಗವನ್ನು ನೋಡಿಕೊಂಡು ಅಜ್ಜಿಯನ್ನೂ ಮೊಮ್ಮಗನನ್ನೂ ನಿಲ್ಲಿಸುತ್ತೇನೆ.